ಬ್ರೇಕ್, ಕ್ಲಚ್ ಪೆಡಲ್ ಕೈಕೊಟ್ಟಾಗ: ಸ್ಪೋರ್ಟ್ಸ್ ಕಾರಿನಲ್ಲಿ ದೋಷ ಹುಡುಕುವ ಬಗೆ

"ಪೆಡಲ್ ಸರಿಯಿಲ್ಲ" ಎಂದಷ್ಟೇ ಹೇಳಿ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬಂದರೆ, ಬೇಕಾದ ಭಾಗಕ್ಕಿಂತ ಬೇಡದ ಭಾಗಗಳೇ ಹೆಚ್ಚು ಬದಲಾಗುತ್ತವೆ. ಪೆಡಲ್ ಮೆತ್ತಗಿದೆಯೋ, ಒತ್ತಿ ಹಿಡಿದರೆ ಇಳಿಯುತ್ತದೆಯೋ, ಕಲ್ಲಿನಂತೆ ಗಟ್ಟಿಯೋ, ಒತ್ತಿದ್ದು ಮೇಲೆ ಬರುತ್ತಿಲ್ಲವೋ? ಕಾಲಿಗೆ ಇವೆಲ್ಲ 'ಏನೋ ಒಂಥರಾ' ಅನಿಸಿದರೂ ಕಾರಣಗಳು ಬೇರೆ ಬೇರೆ. ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಒಂದು ಕಾಗದದಲ್ಲಿ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಪೆಡಲ್ ಏನು ಮಾಡುತ್ತಿದೆ, ಯಾವಾಗ ಮಾಡುತ್ತಿದೆ (ತಣ್ಣಗಿದ್ದಾಗಲೋ, ಕಾದ ಮೇಲೋ, ತಿರುವು ಕಳೆದ ಮೇಲೋ), ಎರಡು ಮೂರು ಸಲ ಪಂಪ್ ಮಾಡಿದರೆ (ಒತ್ತಿ ಬಿಟ್ಟು, ಮತ್ತೆ ಒತ್ತಿದರೆ) ಏನಾಗುತ್ತದೆ. ಮೂರನೆಯದಕ್ಕೆ ಸಿಗುವ ಉತ್ತರದಲ್ಲೇ ಅರ್ಧ ಕಾರಣ ಸಿಕ್ಕಿರುತ್ತದೆ.

ಬ್ರೇಕಿಗೂ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವ) ಕ್ಲಚ್‌ಗೂ ತತ್ವ ಒಂದೇ. ಕಾಲು ಮಾಸ್ಟರ್ ಸಿಲಿಂಡರಿನ (ಪೆಡಲಿಗೆ ಜೋಡಿಸಿದ ಸಿಲಿಂಡರ್) ಬ್ರೇಕ್ ಆಯಿಲನ್ನು ತಳ್ಳುತ್ತದೆ, ಆಯಿಲ್ ಆ ತುದಿಯ ಪಿಸ್ಟನ್ನನ್ನು ತಳ್ಳುತ್ತದೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಬಹಳಷ್ಟು ಕಾರುಗಳಲ್ಲಿ ಎರಡಕ್ಕೂ ಆಯಿಲ್ ಡಬ್ಬಿ ಒಂದೇ. ಅದರಲ್ಲಿ ಕ್ಲಚ್‌ಗೆ ಹೋಗುವ ಪೈಪ್ ಮೇಲಕ್ಕಿರುತ್ತದೆ, ಬ್ರೇಕಿನದು ತಳದಲ್ಲಿ. ಎಲ್ಲೋ ಸೋರಿ ಮಟ್ಟ ಇಳಿದಾಗ ಮೊದಲು ಕ್ಲಚ್ ಹೋಗಲಿ, ಬ್ರೇಕಿಗೆ ಒಂದಿಷ್ಟಾದರೂ ಉಳಿಯಲಿ ಎಂದೇ ಹಾಗೆ ಮಾಡಿರುವುದು. ಆದ್ದರಿಂದ ಕ್ಲಚ್ ಪೆಡಲ್ ಇದ್ದಕ್ಕಿದ್ದಂತೆ ಸಡಿಲವಾದರೆ ಅದನ್ನು ಬ್ರೇಕಿನ ಎಚ್ಚರಿಕೆ ಎಂದೂ ಓದಬೇಕು. ಸೋರಿಕೆ ಯಾವ ಕಡೆಯದು ಎಂದು ತಿಳಿಯುವವರೆಗೆ ಗಾಡಿ ರಸ್ತೆಗಿಳಿಸಬೇಡಿ.

ಯಾವಾಗ ಓಡಿಸಲೇಬಾರದು

ಬ್ರೇಕ್ ಪೆಡಲ್ ನೆಲ ಮುಟ್ಟಿದರೆ, ಒತ್ತಿ ಹಿಡಿದಾಗ ಇಳಿಯುತ್ತಾ ಹೋದರೆ, ಚಕ್ರದ ಒಳಬದಿ ಆಯಿಲಿನಿಂದ ಒದ್ದೆಯಾಗಿದ್ದರೆ, ಬ್ರೇಕಿನ ಕೆಂಪು ದೀಪ ಆರದಿದ್ದರೆ ಗಾಡಿ ಅಲ್ಲೇ ನಿಲ್ಲಲಿ, ಟೋ ಮಾಡಿಸಿ. "ನಿಧಾನಕ್ಕೆ ಗ್ಯಾರೇಜಿನವರೆಗೆ ಹೋಗ್ತೀನಿ" ಎನ್ನುವ ಮಾತು ಕ್ಲಚ್ ಕೆಟ್ಟಾಗ ಒಮ್ಮೊಮ್ಮೆ ನಡೆದೀತು, ಬ್ರೇಕ್ ಕೆಟ್ಟಾಗ ನಡೆಯದು.

ಓಡುತ್ತಿರುವಾಗಲೇ ಬ್ರೇಕ್ ಪೆಡಲ್ ಕೆಳಗೆ ಹೋಯಿತೆನ್ನಿ. ತಕ್ಷಣ ಪಂಪ್ ಮಾಡಿ, ಜೊತೆಗೇ ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಎಂಜಿನ್ ಆಫ್ ಮಾಡಬೇಡಿ. ಸ್ಟೀರಿಂಗಿನ ನೆರವು ಅದರೊಂದಿಗೇ ಹೋಗುತ್ತದೆ, ಸ್ಟೀರಿಂಗ್ ಲಾಕ್ ಆಗಲೂಬಹುದು.

ಕೆಲಸ ಶುರು ಮಾಡುವ ಮುನ್ನ ಇನ್ನಷ್ಟು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ, ಸ್ಟ್ಯಾಂಡ್ ಇರಲೇಬೇಕು. ಬ್ರೇಕಿನ ಧೂಳನ್ನು ಬಾಯಿಂದಾಗಲಿ ಏರ್ ಗನ್ನಿನಿಂದಾಗಲಿ ಊದಬೇಡಿ. ಹಳೆಯ ಕಾರುಗಳ ಪ್ಯಾಡಿನಲ್ಲೂ ಕ್ಲಚ್ ಪ್ಲೇಟಿನಲ್ಲೂ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬ್ರೇಕ್ ಆಯಿಲ್ ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಳ್ಳಿ. ಪೇಂಟ್ ಮೇಲೆ ಬಿದ್ದರೆ ಒರೆಸುತ್ತಾ ಕೂರದೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಕಾಸು ಖರ್ಚಿಲ್ಲದ ಮೊದಲ ಹತ್ತು ನಿಮಿಷ

ಮೊದಲು ಕಾಲ ಕೆಳಗಿನ ಮ್ಯಾಟ್ ತೆಗೆದು ಹೊರಗಿಡಿ. ಮ್ಯಾಟ್ ಮುಂದೆ ಜಾರಿ ಪೆಡಲ್ ಪೂರ್ತಿ ಇಳಿಯದಂತೆ ಅಥವಾ ಪೂರ್ತಿ ಏಳದಂತೆ ತಡೆಯುವುದು ತೀರಾ ಸಾಮಾನ್ಯ. ಕ್ಲಚ್ ಬಿಡುತ್ತಿಲ್ಲ ಎಂಬ ದೂರಿಗೆ ಎರಡು ಸೆಂಟಿಮೀಟರ್ ದಪ್ಪದ ಮ್ಯಾಟ್ ಒಂದೇ ಸಾಕು.

ಆಮೇಲೆ ಡಬ್ಬಿ ನೋಡಿ. ಮಟ್ಟ ಕೆಳಗಿದ್ದರೆ ಸುಮ್ಮನೆ ತುಂಬಿಸಿ ಮುಂದೆ ಹೋಗಬೇಡಿ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಧಾನವಾಗಿ ಇಳಿದಿದ್ದರೆ ಮೊದಲು ಪ್ಯಾಡ್ ನೋಡಬೇಕು. ಒಂದೆರಡು ವಾರದಲ್ಲಿ ಇಳಿದಿದ್ದರೆ ಅದು ಸೋರಿಕೆಯೇ. ಬಣ್ಣವನ್ನೂ ಗಮನಿಸಿ. ಹೊಸ ಆಯಿಲ್ ತಿಳಿ ಜೇನಿನ ಬಣ್ಣ. ಕಾಫಿಯಂತಾಗಿದ್ದರೆ ಹಳತಾಗಿದೆ, ಕಪ್ಪು ಕಸ ತೇಲುತ್ತಿದ್ದರೆ ಒಳಗೆಲ್ಲೋ ರಬ್ಬರ್ ಸೀಲ್ ಸವೆಯುತ್ತಿದೆ.

ಮುಚ್ಚಳದ ಒಳಗಿನ ರಬ್ಬರ್ ಊದಿಕೊಂಡು ಸುಕ್ಕಾಗಿದ್ದರೆ ಯಾರೋ ತಪ್ಪಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದಿರುವ ಸಂಭವ ಹೆಚ್ಚು. ಬ್ರೇಕಿನ ಸೀಲುಗಳಿಗೆ ಅದು ವಿಷ. ಮುಚ್ಚಳದ ರಬ್ಬರಿಗಾದದ್ದೇ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ನಾಲ್ಕೂ ಕ್ಯಾಲಿಪರಿನ (ಚಕ್ರದ ಬಳಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸೀಲುಗಳಿಗೂ ಆಗುತ್ತಿರುತ್ತದೆ. ಅಲ್ಲಿಗೆ ನಿಮ್ಮ ತಪಾಸಣೆ ಮುಗಿಯಿತು, ಇಡೀ ವ್ಯವಸ್ಥೆಯ ರಬ್ಬರ್ ಭಾಗಗಳೆಲ್ಲ ಬದಲಾಗಬೇಕು.

ಕೊನೆಗೆ ಟಾರ್ಚ್ ಹಿಡಿದು ಪೆಡಲಿನ ಬುಡಕ್ಕೆ ಬಗ್ಗಿ. ಪೆಡಲಿನ ರಾಡ್ ಎಂಜಿನ್ ಕಡೆಯ ತಗಡಿನ ಗೋಡೆಯೊಳಗೆ ಹೋಗುವ ಕಡೆ ಪುಟ್ಟ ರಬ್ಬರ್ ಟೋಪಿ ಇರುತ್ತದೆ. ಅದರ ಕೆಳ ಅಂಚಿಗೆ ಬೆರಳು ಒತ್ತಿ ನೋಡಿ. ಬೆರಳು ಒದ್ದೆಯಾಗಿ ಜಾರಿದರೆ, ಅದರ ಕೆಳಗೆ ಪೇಂಟ್ ಗುಳ್ಳೆಯೆದ್ದು ಸಿಪ್ಪೆ ಬಿಟ್ಟಿದ್ದರೆ, ಕಾರ್ಪೆಟ್ಟಿನ ಆ ಮೂಲೆ ಅಂಟಂಟಾಗಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ. ಹೊರಗೆ ಒಂದು ಹನಿಯೂ ಕಾಣದೆ ಡಬ್ಬಿ ಖಾಲಿಯಾಗುವುದು ಹೀಗೆ. ಕ್ಲಚ್ ಮಾಸ್ಟರಿನಲ್ಲಿ ಇದು ಬಹಳ. ಬ್ರೇಕಿನ ಮಾಸ್ಟರ್ ಹೀಗೆ ಸೋರಿದರೆ ಆಯಿಲ್ ಸಾಮಾನ್ಯವಾಗಿ ಬೂಸ್ಟರಿನೊಳಗೆ (ನಿರ್ವಾತದ ನೆರವಿನಿಂದ ಕಾಲಿನ ಬಲ ಹೆಚ್ಚಿಸುವ ಭಾಗ) ಇಳಿಯುತ್ತದೆ, ಕಾರ್ಪೆಟ್ ಒಣಗಿಯೇ ಇರುತ್ತದೆ.

ಕಾರಿನ ಕೆಳಗೆ ಹನಿ ಕಂಡರೆ ಅದು ಯಾವ ಆಯಿಲ್ ಎಂದು ತಿಳಿಯಲು ಒಂದು ಲೋಟ ನೀರು ಸಾಕು. ಗ್ಲೈಕಾಲ್ ಆಧಾರದ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್ ತೇಲುತ್ತವೆ.

ಬ್ರೇಕ್ ಪೆಡಲ್ ಮೆತ್ತಗಿದೆ, ಸ್ಪಂಜಿನಂತಿದೆ

ನಿಂತ ಗಾಡಿಯಲ್ಲಿ ಬೇಗ ಬೇಗ ನಾಲ್ಕು ಸಲ ಪಂಪ್ ಮಾಡಿ. ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಎಲ್ಲೋ ಅಂತರ ಹೆಚ್ಚಿದೆ: ಪ್ಯಾಡ್ ಡಿಸ್ಕಿನಿಂದ ದೂರ ಸರಿದಿದೆ, ಅಥವಾ ಹಿಂದೆ ಡ್ರಮ್ ಇದ್ದರೆ ಶೂ ಸಡಿಲವಾಗಿದೆ. ಮೇಲೆ ಬಂದರೂ ಸ್ಪ್ರಿಂಗಿನಂತೆ ಪುಟಿಯುತ್ತಿದ್ದರೆ ಒಳಗೆ ಗಾಳಿಯಿದೆ.

ಎಷ್ಟು ಗಾಳಿ ಸಾಕು? ಲೆಕ್ಕ ಹಾಕಿ ನೋಡಿ. ಮಾಸ್ಟರ್ ಸಿಲಿಂಡರಿನ ಒಳ ವ್ಯಾಸ 25 ಮಿ.ಮೀ. ಎಂದಿಟ್ಟುಕೊಂಡರೆ ವಿಸ್ತೀರ್ಣ ಸುಮಾರು 4.9 ಚದರ ಸೆಂ.ಮೀ. 1 ಸಿ.ಸಿ. ಗಾಳಿ ಕುಗ್ಗಲು ಪಿಸ್ಟನ್ 2 ಮಿ.ಮೀ. ಹೆಚ್ಚು ಓಡಬೇಕು. ಪೆಡಲಿನ ಅನುಪಾತ 5:1 (ಪಿಸ್ಟನ್ 1 ಮಿ.ಮೀ. ಓಡಲು ಪೆಡಲ್ 5 ಮಿ.ಮೀ. ಇಳಿಯಬೇಕು) ಆದರೆ ಕಾಲಿಗೆ ಅದು 10 ಮಿ.ಮೀ. ಅಂದರೆ ಇಂಜೆಕ್ಷನ್ ಸಿರಿಂಜಿನಲ್ಲಿ 1 ಸಿ.ಸಿ. ಹಿಡಿಯುವಷ್ಟು ಗಾಳಿ ಪೆಡಲನ್ನು ಒಂದು ಸೆಂಟಿಮೀಟರ್ ಆಳಕ್ಕಿಳಿಸುತ್ತದೆ.

ಗಾಳಿ ತೆಗೆಯಲು ಬ್ಲೀಡಿಂಗ್ ಮಾಡಬೇಕು, ಅಂದರೆ ಕ್ಯಾಲಿಪರಿನ ನಿಪ್ಪಲ್ (ತೂತಿರುವ ಪುಟ್ಟ ಸ್ಕ್ರೂ) ಸಡಿಲಿಸಿ ಗಾಳಿ ಸೇರಿದ ಆಯಿಲನ್ನು ಹೊರಬಿಡಬೇಕು. ಯಾವ ಚಕ್ರದಿಂದ ಶುರು ಎಂಬುದನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲೇ ನೋಡಿ. 'ದೂರದ ಚಕ್ರ ಮೊದಲು' ಎಂಬುದು ಎಲ್ಲ ಕಾರಿಗೂ ಹೊಂದುವುದಿಲ್ಲ. ಸ್ಪೋರ್ಟ್ಸ್ ಕಾರುಗಳಲ್ಲಿ ಬಹಳ ಕಡೆ ಇರುವ, ಎರಡೂ ಬದಿ ಪಿಸ್ಟನ್ ಇರುವ ಫಿಕ್ಸೆಡ್ ಕ್ಯಾಲಿಪರಿನಲ್ಲಿ ಹೊರಗೊಂದು ಒಳಗೊಂದು ನಿಪ್ಪಲ್ ಇರುವುದುಂಟು. ಹೊರಗಿನದನ್ನಷ್ಟೇ ಬಿಚ್ಚಿ ಕೆಲಸ ಮುಗಿಸಿದರೆ ಒಳಬದಿಯ ಗಾಳಿ ಅಲ್ಲೇ ಕೂತಿರುತ್ತದೆ. ಹಳೆಯ ಮಾಸ್ಟರ್ ಇರುವ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ಒತ್ತಿ ಬ್ಲೀಡ್ ಮಾಡಬೇಡಿ. ದಿನನಿತ್ಯ ಸೀಲ್ ಹೋಗದ ಕಡೆ ತುಕ್ಕು ಹಿಡಿದಿರುತ್ತದೆ, ಅಲ್ಲಿ ಓಡಿದ ಸೀಲ್ ಹರಿದು ಹೊಸ ತೊಂದರೆ ಶುರುವಾಗುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟರೆ ಸಾಕು.

ನನ್ನ ಹಳೆಯ ಎರಡು ಸೀಟಿನ ಕಾರಿನ ಮುಂದಿನ ಕ್ಯಾಲಿಪರ್‌ಗಳನ್ನು ಬಿಚ್ಚಿ, ಸೀಲ್ ಬದಲಿಸಿ ಮತ್ತೆ ಕೂರಿಸಿದಾಗ ಎರಡು ಲೀಟರ್ ಆಯಿಲ್ ಹರಿಸಿದರೂ ಪೆಡಲ್ ಗಟ್ಟಿಯಾಗಲಿಲ್ಲ. ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದುಕೊಂಡು ಹೊಸತನ್ನೂ ಹಾಕಿದೆ. ಆಗಲೂ ಹಾಗೇ. ಮೂರನೇ ದಿನ ಚಕ್ರ ಬಿಚ್ಚಿ ಟಾರ್ಚ್ ಹಿಡಿದಾಗ ಕಂಡಿತು: ಬ್ಲೀಡ್ ನಿಪ್ಪಲ್ ಕ್ಯಾಲಿಪರಿನ ಕೆಳ ತುದಿಯಲ್ಲಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಗಾಳಿ ಯಾವಾಗಲೂ ಮೇಲೇರುತ್ತದೆ, ನಿಪ್ಪಲ್ ಕೆಳಗಿದ್ದರೆ ಎಷ್ಟು ಆಯಿಲ್ ಹರಿಸಿದರೂ ಅದು ಹೊರಬರುವುದಿಲ್ಲ. ಅದಲು ಬದಲು ಮಾಡಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬ್ರೇಕಿನ ಕೆಲಸ ಮುಗಿದ ಕೂಡಲೇ ಮೆತ್ತಗಾದ ಪೆಡಲ್ ಕಂಡರೆ ಈಗ ನಾನು ಮೊದಲು ನೋಡುವುದು ನಿಪ್ಪಲ್ ಮೇಲಿದೆಯೋ ಇಲ್ಲವೋ ಎಂದು.

ಬ್ಲೀಡಿಂಗ್ ಸರಿಯಾಗಿ ಆಗಿಯೂ ಮೆತ್ತಗಿದ್ದರೆ ಒಬ್ಬರನ್ನು ಪೆಡಲ್ ಒತ್ತಲು ಕೂರಿಸಿ ಚಕ್ರಗಳ ಬಳಿಯ ರಬ್ಬರ್ ಪೈಪನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಒತ್ತಿದಾಗ ಪೈಪ್ ಊದುವುದು ಕೈಗೆ ಗೊತ್ತಾದರೆ ಬದಲಿಸಿ. ಪ್ಯಾಡ್ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಸವೆದು ಬೆಣೆಯಂತಾಗಿದ್ದರೂ ಪೆಡಲ್ ಸ್ಪ್ರಿಂಗಿನಂತಾಗುತ್ತದೆ. ಇನ್ನೊಬ್ಬರು ಒತ್ತುವಾಗ ಮಾಸ್ಟರ್ ಸಿಲಿಂಡರ್ ಕೂತ ಗೋಡೆಯನ್ನೂ ನೋಡಿ. ಸಿಲಿಂಡರೇ ಮುಂದೆ ಸರಿಯುತ್ತಿದ್ದರೆ ಗೋಡೆಯ ತಗಡು ಬಳುಕುತ್ತಿದೆ ಅಥವಾ ಬಿರುಕು ಬಿಟ್ಟಿದೆ.

ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ಟಿನೊಳಗೆ ಗಾಳಿ ಸೇರಿದ್ದರೆ ಮನೆಯಲ್ಲಿ ಪಂಪ್ ಮಾಡಿ ತೆಗೆಯುವುದು ಕಷ್ಟ. ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹಾಕಿ ಒಳಗಿನ ವಾಲ್ವುಗಳನ್ನು ಓಡಿಸಬೇಕು. ಡಬ್ಬಿ ಪೂರ್ತಿ ಖಾಲಿಯಾಗಿದ್ದ ಗಾಡಿಯಾದರೆ ನೇರ ಅಲ್ಲಿಗೇ ಹೋಗಿ.

ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತದೆ

ಎಂಜಿನ್ ಆಫ್ ಮಾಡಿ, ಕೆಲವು ಸಲ ಪಂಪ್ ಮಾಡಿ ಬೂಸ್ಟರಿನ ನಿರ್ವಾತ ಖಾಲಿ ಮಾಡಿ. ಈಗ ಕಾಲಿನ ಭಾರವಷ್ಟೇ ಬೀಳುವಂತೆ ಹಗುರವಾಗಿ ಒತ್ತಿ ಒಂದು ನಿಮಿಷ ಹಿಡಿದಿರಿ. ಇಲ್ಲಿ ಬಲ ಹಾಕಿ ಒತ್ತಬಾರದು. ಜೋರಾಗಿ ಒತ್ತಿದಾಗ ಸವೆದ ಸೀಲ್ ಕೂಡ ಅಗಲವಾಗಿ ಸಿಲಿಂಡರಿನ ಗೋಡೆಗೆ ಅಂಟಿಕೊಂಡು ತಡೆದುಬಿಡಬಹುದು. ಹಗುರವಾಗಿ ಒತ್ತಿದಾಗಲೇ ಆಯಿಲ್ ಅದರ ಪಕ್ಕದಿಂದ ನುಸುಳುತ್ತದೆ.

ಪೆಡಲ್ ಇಳಿಯಿತು, ಹೊರಗೆಲ್ಲೂ ಸೋರಿಕೆಯಿಲ್ಲ, ಡಬ್ಬಿಯ ಮಟ್ಟವೂ ಹಾಗೇ ಇದೆ ಎಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಮೇಲೆ ಅನುಮಾನ ಬಲವಾಗುತ್ತದೆ. ಎಬಿಎಸ್ ವಾಲ್ವ್ ಬಿಗಿಯಾಗಿ ಮುಚ್ಚದಿದ್ದರೂ ಇದೇ ಲಕ್ಷಣ. ಎರಡನ್ನೂ ಬೇರ್ಪಡಿಸಲು ಮಾಸ್ಟರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ ಅದೇ ಅಳತೆಯ ಪ್ಲಗ್ ಹಾಕಿ ಮುಚ್ಚಬೇಕು. ಆಗ ಪೆಡಲ್ ಕಲ್ಲಿನಂತೆ ನಿಂತರೆ ಮಾಸ್ಟರ್ ಸರಿಯಿದೆ, ತೊಂದರೆ ಮುಂದಿದೆ. ಆಗಲೂ ಇಳಿದರೆ ಮಾಸ್ಟರೇ ಹೋಗಿದೆ. ಪ್ಲಗ್ ತೆಗೆದು ಒಂದೊಂದೇ ಪೈಪನ್ನು ಮತ್ತೆ ಜೋಡಿಸುತ್ತಾ ಹೋದರೆ ಯಾವ ಸರ್ಕ್ಯೂಟಿನಲ್ಲಿ ದೋಷ ಎಂಬುದೂ ಸಿಗುತ್ತದೆ. ಒಂದು ಭಾಗವನ್ನೂ ಬದಲಿಸದೆ ಸಿಗುವ ಉತ್ತರ ಇದು, ಆದರೆ ಆಮೇಲೆ ಪೂರ್ತಿ ಬ್ಲೀಡಿಂಗ್ ಮಾಡಲೇಬೇಕು. ಬ್ಲೀಡಿಂಗ್ ಅಭ್ಯಾಸವಿಲ್ಲದಿದ್ದರೆ ಇದನ್ನು ಮೆಕ್ಯಾನಿಕ್ಕಿಗೆ ಬಿಡಿ, ಆದರೆ ಈ ಪರೀಕ್ಷೆಯನ್ನೇ ಮಾಡಿ ಎಂದು ಕೇಳಿ.

ತಿರುವು ಕಳೆದ ಮೇಲೆ ಮೊದಲ ಒತ್ತು ಆಳಕ್ಕೆ ಹೋಗುತ್ತದೆ

ಇದು ಸ್ಪೋರ್ಟ್ಸ್ ಕಾರುಗಳಲ್ಲೇ ಹೆಚ್ಚು ಕಾಣುವ ಲಕ್ಷಣ, ಗ್ಯಾರೇಜಿನಲ್ಲಿ ನಿಲ್ಲಿಸಿ ಎಷ್ಟು ಒತ್ತಿ ನೋಡಿದರೂ ಸಿಗುವುದಿಲ್ಲ. ವೇಗವಾಗಿ ತಿರುವು ಕಳೆದು ಬ್ರೇಕ್ ಒತ್ತಿದರೆ ಪೆಡಲ್ ಎದೆ ಝಲ್ ಎನ್ನುವಷ್ಟು ಕೆಳಗೆ ಹೋಗುತ್ತದೆ, ಎರಡನೇ ಒತ್ತಿಗೆ ಏನೂ ಆಗಿಲ್ಲವೆಂಬಂತೆ ಮೇಲಿರುತ್ತದೆ.

ತಿರುವಿನ ಭಾರಕ್ಕೆ ಹಬ್ (ಚಕ್ರವೂ ಡಿಸ್ಕೂ ಕೂರುವ ನಡುಭಾಗ) ವಾಲಿದಾಗ ಡಿಸ್ಕ್ ಕೂಡ ವಾಲಿ ಪ್ಯಾಡನ್ನು, ಅದರ ಹಿಂದಿನ ಪಿಸ್ಟನ್ನನ್ನು ಒಳಗೆ ತಳ್ಳುತ್ತದೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಪಿಸ್ಟನ್ ವ್ಯಾಸ 40 ಮಿ.ಮೀ. ಎಂದುಕೊಳ್ಳಿ. ಒಂದೊಂದು ಪಿಸ್ಟನ್ ಬರೀ 0.2 ಮಿ.ಮೀ. ಹಿಂದೆ ಸರಿದರೂ ಒಟ್ಟು 1 ಸಿ.ಸಿ. ಆಯಿಲ್. ಮೇಲಿನ ಲೆಕ್ಕದಂತೆ ಅದು ಪೆಡಲಿನಲ್ಲಿ ಒಂದು ಸೆಂಟಿಮೀಟರ್, ಅದೂ ಒಂದೇ ಚಕ್ರದಿಂದ. ಜಾರುವ ಪಿನ್ನಿನ ಕ್ಯಾಲಿಪರ್ ಡಿಸ್ಕಿನ ಜೊತೆ ತಾನೂ ಸರಿಯುವುದರಿಂದ ಇದು ಅಷ್ಟು ಕಾಡುವುದಿಲ್ಲ.

ಮೊದಲು ಚಕ್ರದ ಬೇರಿಂಗ್ ನೋಡಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರದ ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. 'ಟಕ್' ಎಂದು ಆಟ (ಸಡಿಲ) ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ಮಾಯವಾದರೆ ಅದು ಬೇರಿಂಗಿನದೇ. ಆಮೇಲೆ ಡಿಸ್ಕ್ ಓರೆಯಾಗಿದೆಯೇ ಎಂದು ಡಯಲ್ ಗೇಜಿನಲ್ಲಿ ಅಳೆಯಬೇಕು. ಇಲ್ಲಿ ಮಿಲಿಮೀಟರಿನ ನೂರನೇ ಭಾಗಗಳೇ ಲೆಕ್ಕಕ್ಕೆ ಬರುವುದರಿಂದ ಕಣ್ಣಂದಾಜು ಸಾಲದು. ಹಬ್ ಮೇಲಿನ ತುಕ್ಕಿನ ಹಕ್ಕಳೆ ಡಿಸ್ಕಿನ ಹಿಂದೆ ಸಿಕ್ಕಿಕೊಂಡರೂ ಡಿಸ್ಕ್ ಓರೆಯಾಗುತ್ತದೆ, ವೈರ್ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುವ ತೊಂದರೆ ಅದು.

ಕಾದ ಮೇಲೆ ಬ್ರೇಕ್ ಹಿಡಿಯುವುದಿಲ್ಲ

ಎರಡು ಬಗೆ ಇವೆ, ಅವನ್ನು ಕಲಸಬಾರದು. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ತನ್ನ ಶಾಖದ ಮಿತಿ ದಾಟಿದೆ. ತಣ್ಣಗಾದ ಮೇಲೆ ಸರಿಹೋದೀತು. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಪ್ಯಾಡ್ ಬದಲಿಸಿ.

ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ ಎಂದರೆ ಆಯಿಲ್ ಕುದಿದಿದೆ. ಕುದಿದ ಕಡೆ ಆವಿಯ ಗುಳ್ಳೆ, ಗುಳ್ಳೆ ಕುಗ್ಗುತ್ತದೆ. ಗ್ಲೈಕಾಲ್ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತಾ ಹೋದಂತೆ ಕುದಿಯುವ ಉಷ್ಣತೆ ಇಳಿಯುತ್ತದೆ. ಬ್ರೇಕ್ ಆಯಿಲಿನ ದರ್ಜೆಗಳಲ್ಲೊಂದಾದ ಡಾಟ್ 4 (DOT 4) ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ತೇವ ಸೇರಿದ ಮೇಲೆ 155 ತಡೆದರೂ ಸಾಕು. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಅಂದರೆ ಹಳೆಯ ಡಾಟ್ 4 ಆಯಿಲ್ ಹೊಸ ಡಾಟ್ 3ಕ್ಕಿಂತ ಬೇಗ ಕುದಿಯಬಹುದು. ಡಬ್ಬಿಯ ಮೇಲಿನ ಹೆಸರಿಗಿಂತ ಆಯಿಲಿನ ವಯಸ್ಸು ಮುಖ್ಯ. ಬಹಳ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಗಾಡಿಯನ್ನು ಟ್ರ್ಯಾಕಿಗೆ ಒಯ್ಯುವವರು ಅಷ್ಟು ಕಾಯಬಾರದು. ಒಮ್ಮೆ ಕುದಿದ ಆಯಿಲ್ ತಣ್ಣಗಾದ ಮೇಲೆ ಪೆಡಲ್ ಸರಿಯಾಯಿತು ಎಂದು ನಂಬಬೇಡಿ, ಪೂರ್ತಿ ಬದಲಿಸಿ. ಡಾಟ್ 5 ಎಂಬುದು ಸಿಲಿಕಾನ್, 5.1ರ ಅಣ್ಣತಮ್ಮನಲ್ಲ. ಉಳಿದವುಗಳ ಜೊತೆ ಬೆರೆಸಲೇಬಾರದು.

ರೇಸಿಂಗ್ ಪ್ಯಾಡ್ ಹಾಕಿಸಿದವರಿಗೆ ಇದರ ಉಲ್ಟಾ ಅನುಭವ: ಬೆಳಗ್ಗೆ ತಣ್ಣಗಿದ್ದಾಗ ಹಿಡಿಯುವುದಿಲ್ಲ. ಅದು ದೋಷವಲ್ಲ, ಆ ಪ್ಯಾಡ್ ರಸ್ತೆಗೆ ಹೇಳಿ ಮಾಡಿಸಿದ್ದಲ್ಲ.

ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿ

ಎಂಜಿನ್ ಆಫ್ ಇದ್ದಾಗ ಐದಾರು ಸಲ ಪಂಪ್ ಮಾಡಿ, ಪೆಡಲ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಕೂಡಲೇ ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಅಲುಗದಿದ್ದರೆ ಬೂಸ್ಟರಿಗೆ ಹೋಗುವ ದಪ್ಪ ರಬ್ಬರ್ ಪೈಪ್ ಬಿರಿದಿದೆಯೇ, ಅದರ ಒನ್‌ವೇ ವಾಲ್ವ್ ಒಂದೇ ದಿಕ್ಕಿಗೆ ಗಾಳಿ ಬಿಡುತ್ತಿದೆಯೇ ನೋಡಿ. ಎರಡೂ ಬೂಸ್ಟರಿಗಿಂತ ಎಷ್ಟೋ ಅಗ್ಗ. ಪೆಡಲ್ ಒತ್ತಿದಾಗ ಕಾಲ ಬಳಿ 'ಸುಸ್' ಎಂದು ಬಿಡದೆ ಸದ್ದು ಬಂದರೆ ಬೂಸ್ಟರಿನ ಒಳಪೊರೆ ಹರಿದಿದೆ.

ಎಂಜಿನ್ನಿಗೆ ರೇಸಿಂಗ್ ಕ್ಯಾಮ್ (ವಾಲ್ವುಗಳನ್ನು ತೆರೆಯುವ ಶಾಫ್ಟ್) ಹಾಕಿಸಿದ್ದರೆ ಐಡಲಿನಲ್ಲಿ ನಿರ್ವಾತವೇ ಸಾಲದೆ ಪೆಡಲ್ ಗಟ್ಟಿಯಾಗುತ್ತದೆ. ಹಗುರ ಸ್ಪೋರ್ಟ್ಸ್ ಕಾರು ಮೊದಲ ಸಲ ಕೊಂಡವರು ಇದನ್ನೂ ತಿಳಿದಿರಲಿ: 1996ರಲ್ಲಿ ಬಂದ ಲೋಟಸ್ ಎಲೀಸ್‌ನ ಮೊದಲ ಸರಣಿಯಲ್ಲಿ ಬೂಸ್ಟರ್ರೇ ಇಲ್ಲ, ಅದರ ಗಟ್ಟಿ ಪೆಡಲ್ ಸಹಜ. ಎಲೆಕ್ಟ್ರಾನಿಕ್ ಬೂಸ್ಟರ್ ಇರುವ ಹೊಸ ಕಾರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಸ್ಕ್ಯಾನರ್ ಬೇಕು.

ಒತ್ತಿದಾಗ ನಡುಗುತ್ತದೆ, ಅಥವಾ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ

ತೀರಾ ಜೋರಾಗಿ ಬ್ರೇಕ್ ಹಾಕಿದಾಗ ಬರುವ ಟರ್‌ರ್ ಎಂಬ ನಡುಕ ಎಬಿಎಸ್‌ನದು, ಅದು ಸರಿ. ಹಗುರ ಬ್ರೇಕಿಗೂ ಚಕ್ರ ಸುತ್ತುವ ಲಯದಲ್ಲೇ ಪೆಡಲ್ ಮಿಡಿದರೆ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇಲ್ಲ. ಕಾದ ಡಿಸ್ಕನ್ನು ಪ್ಯಾಡ್ ಕಚ್ಚಿ ನಿಲ್ಲಿಸಿದಾಗ ಅಂಟುವ ಪದರವೂ ಹೀಗೆ ಮಾಡುತ್ತದೆ. ಡಿಸ್ಕ್ ಬಿಸಾಕುವ ಮೊದಲು ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಸಮವಾಗಿ ಬಿಗಿದು ನೋಡಿ.

ಬ್ರೇಕ್ ಬಿಡದೆ ಹಿಡಿದಿದ್ದರೆ ಸ್ವಲ್ಪ ಓಡಿಸಿ ನಿಲ್ಲಿಸಿ, ಡಿಸ್ಕ್ ಮುಟ್ಟದೆ ಅಂಗೈಯನ್ನು ಚಕ್ರಗಳ ಹತ್ತಿರ ತನ್ನಿ. ಒಂದು ಚಕ್ರ ಮಾತ್ರ ಬೇಯುತ್ತಿದ್ದರೆ ಅಲ್ಲಿನ ಪಿಸ್ಟನ್ನೋ ಜಾರುವ ಪಿನ್ನೋ ಹಿಡಿದುಕೊಂಡಿದೆ. ಇಲ್ಲವೇ ರಬ್ಬರ್ ಪೈಪ್ ಒಳಗೆ ಕುಸಿದಿದೆ: ನಿಪ್ಪಲ್ ಬಿಚ್ಚಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಪೈಪಿನದೇ ತಪ್ಪು, ಅಥವಾ ಅದಕ್ಕೂ ಹಿಂದಿನದು. ನಾಲ್ಕೂ ಚಕ್ರ ಬಿಸಿಯೆಂದರೆ ಪೆಡಲ್ ಕಡೆ ಹೋಗಿ. ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ಕೂದಲೆಳೆಯಷ್ಟು ಒತ್ತಿ ಹಿಡಿದಿದ್ದರೆ ಸಾಕು, ಮಾಸ್ಟರ್ ಸಿಲಿಂಡರಿನಿಂದ ಡಬ್ಬಿಗೆ ಹಿಂದಿರುಗುವ ಪುಟ್ಟ ರಂಧ್ರ ಮುಚ್ಚಿಕೊಂಡು ಒತ್ತಡ ಒಳಗೇ ಉಳಿಯುತ್ತದೆ. ಪೆಡಲಿನ ಎತ್ತರವನ್ನು ಹೀಲ್ ಆಂಡ್ ಟೋಗೆ (ಒಂದೇ ಕಾಲಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒತ್ತುವ ಬಗೆ) ಹೊಂದಲೆಂದು ತಿದ್ದಿಸಿದ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಿ, ರಾಡಿನ ಆಟ ಕಳೆದುಹೋಗಿರುತ್ತದೆ.

ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ, ರಿವರ್ಸ್ 'ಕರ್' ಎನ್ನುತ್ತದೆ

ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಬೇರ್ಪಡಿಸುತ್ತಿಲ್ಲ ಎಂದರ್ಥ. ಎಂಜಿನ್ ಆಫ್ ಮಾಡಿದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದರೆ ಗೇರ್ ಬಾಕ್ಸಿನ ಮೇಲೆ ಅನುಮಾನ ಬೇಡ. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಒಂದನೇ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಒತ್ತಿ, ಹೊರಗಿನಿಂದ ಒಬ್ಬರು ತಳ್ಳಲಿ. ನ್ಯೂಟ್ರಲ್ಲಿನಷ್ಟೇ ಹಗುರವಾಗಿ ಉರುಳಬೇಕು. ಬಿಗಿ ಹಿಡಿದರೆ ಕ್ಲಚ್ ಬಿಡುತ್ತಿಲ್ಲ.

ಈಗ ಪಂಪ್ ಮಾಡಿ. ಮೂರು ನಾಲ್ಕು ಸಲ ಪಂಪ್ ಮಾಡಿದ ಮೇಲೆ ಗೇರ್ ಬಿದ್ದರೆ ಗಾಳಿ ಅಥವಾ ಸೋರಿಕೆ, ಅಂದರೆ ಹೈಡ್ರಾಲಿಕ್ ಕಡೆ. ಏನೂ ಬದಲಾಗದಿದ್ದರೆ ದೋಷ ಹೈಡ್ರಾಲಿಕ್ಕಿನಲ್ಲೂ ಇರಬಹುದು, ಕ್ಲಚ್ಚಿನ ಒಳಭಾಗಗಳಲ್ಲೂ ಇರಬಹುದು, ಹಾಗಾಗಿ ಅಳೆಯಲೇಬೇಕು. ಸ್ಲೇವ್ ಸಿಲಿಂಡರ್, ಅಂದರೆ ಆಯಿಲ್ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಆ ತುದಿಯ ಸಿಲಿಂಡರ್, ಗೇರ್ ಬಾಕ್ಸಿನ ಹೊರಗಿದ್ದರೆ (ಮಾಜ್ದಾ ಎಂಎಕ್ಸ್-5ರಲ್ಲಿ ಹಾಗಿದೆ) ಅದೃಷ್ಟ ಚೆನ್ನಾಗಿದೆ ಎಂದುಕೊಳ್ಳಿ. ಅದರ ರಾಡಿನ ಪಕ್ಕ ಸ್ಕೇಲ್ ಹಿಡಿದು, ಒಬ್ಬರು ಪೆಡಲ್ ಪೂರ್ತಿ ಒತ್ತಿದಾಗ ರಾಡ್ ಎಷ್ಟು ಓಡಿತು ಅಳೆದು ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಿ. ಬೆರಳು ಫೋರ್ಕಿನ (ಆ ರಾಡ್ ತಳ್ಳುವ ಸನ್ನೆ) ಹತ್ತಿರ ಹೋಗದಿರಲಿ. ಕಡಿಮೆ ಓಡಿದರೆ ದೋಷ ಹೈಡ್ರಾಲಿಕ್ಕಿನಲ್ಲಿ. ಒತ್ತಿ ಹಿಡಿದಿರುವಾಗಲೇ ರಾಡ್ ಹಿಂದಕ್ಕೆ ಜರುಗಿದರೆ ಸೀಲ್ ಬಿಡುತ್ತಿದೆ. ಸ್ಲೇವಿನ ರಬ್ಬರ್ ಟೋಪಿ ಸರಿಸಿದಾಗ ಆಯಿಲ್ ಹನಿಸಿದರೂ ಅದೇ. ರಾಡ್ ಪೂರ್ತಿ ಓಡಿದೆ, ಆದರೂ ಕ್ಲಚ್ ಬಿಡುತ್ತಿಲ್ಲ ಎಂದರೆ ಗೇರ್ ಬಾಕ್ಸ್ ಇಳಿಸದೆ ಗತಿಯಿಲ್ಲ: ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ತಟ್ಟೆ), ಬಾಗಿದ ಫೋರ್ಕ್, ಶಾಫ್ಟಿನ ಹಲ್ಲುಗಳಲ್ಲಿ ತುಕ್ಕು ಹಿಡಿದು ಜಾರದ ಕ್ಲಚ್ ಪ್ಲೇಟ್, ಹಿಡಿದುಕೊಂಡ ಪೈಲಟ್ ಬೇರಿಂಗ್ (ಆ ಶಾಫ್ಟಿನ ತುದಿಯನ್ನು ಹೊತ್ತದ್ದು), ಇವುಗಳಲ್ಲೊಂದು.

ನಿಸ್ಸಾನ್ 370ಝಡ್‌ನಂಥ ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಗಂಟೆಯಾಕಾರದ ಕವಚದೊಳಗೇ ಶಾಫ್ಟನ್ನು ಸುತ್ತಿಕೊಂಡಿರುತ್ತದೆ. ಅಳೆಯಲು ಆಗದು. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ ಕೆಳಗೆ ಆಯಿಲ್ ಜಿನುಗುತ್ತಿದೆಯೇ ನೋಡಿ, ಲೋಟದ ನೀರಿನ ಪರೀಕ್ಷೆ ಮಾಡಿ. ಬ್ರೇಕ್ ಆಯಿಲ್ ಎಂದು ಖಚಿತವಾದರೆ ಗೇರ್ ಬಾಕ್ಸ್ ಇಳಿಯಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಸ್ಲೇವ್ ಮೂರನ್ನೂ ಒಟ್ಟಿಗೆ ನೋಡಿಸಿ. ಇಲ್ಲಿ ದುಬಾರಿಯೆಂದರೆ ಇಳಿಸಿ ಏರಿಸುವ ಕೆಲಸವೇ.

ಇನ್ನೊಂದು ಕಡೆ ಯಾರೂ ನೋಡುವುದಿಲ್ಲ: ಕ್ಲಚ್ ಪೆಡಲ್ ಕೂತ ಬ್ರಾಕೆಟ್. ವೆಲ್ಡಿಂಗ್ ಬಿರಿದರೆ, ಪೆಡಲಿನ ಬುಶ್ ಸವೆದರೆ ಒತ್ತಿದ ದೂರದ ಒಂದು ಪಾಲು ಅಲ್ಲೇ ಕಳೆದುಹೋಗುತ್ತದೆ. ಪ್ರೆಶರ್ ಪ್ಲೇಟ್ ಎದ್ದೇಳುವುದು ಒಂದೆರಡು ಮಿಲಿಮೀಟರಷ್ಟೇ, ಕಳೆದುಕೊಳ್ಳಲು ಅಲ್ಲಿ ಏನೂ ಉಳಿದಿಲ್ಲ. ಪೆಡಲನ್ನು ಕೈಯಲ್ಲಿ ಎಡ ಬಲಕ್ಕೆ ಅಲುಗಾಡಿಸಿ, ಒತ್ತುವಾಗ ಬುಡ ಅಲುಗುತ್ತದೆಯೇ ನೋಡಿ.

ಆಯಿಲ್ ಸುರಿಯುವ ಮೊದಲು ಡಬ್ಬಿಯ ಮೇಲಿನ ಬರಹ ಓದಿ. ಪೋರ್ಷೆ 996 ಟರ್ಬೊದಲ್ಲಿ ಕ್ಲಚ್‌ಗೆ ಪವರ್ ಸ್ಟೀರಿಂಗ್ ಪಂಪಿನಿಂದ ನೆರವು ಸಿಗುತ್ತದೆ, ಅದರಲ್ಲಿ ಓಡುವುದು ಬ್ರೇಕ್ ಆಯಿಲಲ್ಲ.

ಕ್ಲಚ್ ಪೆಡಲ್ ಕೆಳಗೇ ಉಳಿಯಿತು

ಕಾಲಿನಿಂದಲೇ ಮೇಲೆತ್ತಿ ನೋಡಿ. ಎತ್ತಿದಾಗ ಸಡಿಲವಾಗಿ ಬಂದು ಮತ್ತೆ ಪಂಪ್ ಮಾಡಿದರೆ ಬಿಗಿಯಾದರೆ ಆಯಿಲ್ ಸೋರಿದೆ ಅಥವಾ ಒಳಗೆ ಗಾಳಿಯಿದೆ. ಹೈ ಆರ್‌ಪಿಎಂನಲ್ಲಿ ಗೇರ್ ಬದಲಿಸುವಾಗ ಮಾತ್ರ ಕೆಳಗೆ ಉಳಿದು, ನಿಧಾನಕ್ಕೆ ಓಡಿಸುವಾಗ ಸರಿಯಿದ್ದರೆ ಮೊದಲು ಆಯಿಲ್ ಬದಲಿಸಿ. ಕಾರ್ವೆಟ್ ಸಿ5 ಮಾಲೀಕರ ನಡುವೆ ಈ ತೊಂದರೆ ಚಿರಪರಿಚಿತ. ಅವರು ಡಬ್ಬಿಯ ಆಯಿಲನ್ನು ಸಿರಿಂಜಿನಲ್ಲಿ ಹೀರಿ, ಹೊಸದು ತುಂಬಿ, ಪೆಡಲ್ ಹತ್ತಾರು ಸಲ ಒತ್ತಿ, ಆಯಿಲ್ ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪೆಡಲಿನ ಹೆಲ್ಪರ್ ಸ್ಪ್ರಿಂಗ್ ನೋಡಿ. ಅದು ಅರ್ಧ ದಾರಿ ದಾಟಿದ ಮೇಲೆ ಪೆಡಲನ್ನು ಕೆಳಕ್ಕೇ ಎಳೆಯುತ್ತದೆ, ಪ್ರೆಶರ್ ಪ್ಲೇಟ್ ದುರ್ಬಲವಾದಾಗ ಗೆಲ್ಲುವುದು ಸ್ಪ್ರಿಂಗೇ.

ಪೆಡಲ್ ಸರಿ, ಆದರೆ ಜಾರುತ್ತದೆ, ಭಾರ, ಜರ್ಕ್, ಸದ್ದು

ಜಾರುತ್ತಿದೆಯೇ ಎಂದು ತಿಳಿಯಲು ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಪ್ಲೇಟ್ ಬದಲಿಸುವ ಮೊದಲು ಪೆಡಲಿನ ರಾಡಿನಲ್ಲಿ ಆಟ ಇದೆಯೇ ನೋಡಿ. ಆಟವಿಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತೆ ಇರುತ್ತದೆ, ಒಳ್ಳೆಯ ಪ್ಲೇಟೂ ಸುಟ್ಟುಹೋಗುತ್ತದೆ. ಸುಟ್ಟ ವಾಸನೆ ಬಂದ ಮೇಲೆ ಪರೀಕ್ಷೆ ಮುಂದುವರಿಸಬೇಡಿ.

ಪೆಡಲ್ ತಿಂಗಳುಗಳಲ್ಲಿ ಭಾರವಾಗುತ್ತಾ ಬಂದಿದ್ದರೆ ಕೇಬಲ್ ಕ್ಲಚ್ಚಿನಲ್ಲಿ ಕೇಬಲ್ ಎಳೆ ಬಿಡುತ್ತಿದೆ, ಇವತ್ತೇ ಬದಲಿಸಿ. ಹೈಡ್ರಾಲಿಕ್ಕಿನಲ್ಲಾದರೆ ಪ್ಲೇಟ್ ಸವೆದು ಪ್ರೆಶರ್ ಪ್ಲೇಟಿನ ಬೆರಳುಗಳ ಕೋನ ಬದಲಾಗಿದೆ. ಹೊರಡುವಾಗ ಗಾಡಿ ಜರ್ಕ್ ಹೊಡೆದರೆ ಎಂಜಿನ್ ಮೌಂಟ್ ಮೊದಲು, ಪ್ಲೇಟಿನ ಮೇಲೆ ಬಿದ್ದ ಆಯಿಲ್ ಆಮೇಲೆ.

ಸದ್ದು ಯಾವಾಗ ಬರುತ್ತದೆ ಎಂಬುದರಲ್ಲೇ ಉತ್ತರವಿದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದಾಗ ಶುರುವಾದರೆ ರಿಲೀಸ್ ಬೇರಿಂಗ್ (ಪ್ರೆಶರ್ ಪ್ಲೇಟಿನ ಬೆರಳುಗಳನ್ನು ತಳ್ಳುವ ಬೇರಿಂಗ್) ಅಥವಾ ಪೈಲಟ್ ಬೇರಿಂಗ್. ಕ್ಲಚ್ ಪೆಡಲಿನಿಂದ ಕಾಲು ತೆಗೆದಾಗ ಇದ್ದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ಗಡಗಡ ಎಂದರೆ, ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಫ್ಲೈವೀಲ್) ಇರುವ ಕಾರಿನಲ್ಲಿ ಮೊದಲ ಅನುಮಾನ ಅದರ ಮೇಲೆ.

ರಿಪೇರಿ ಮುಗಿದ ಮೇಲೆ, ಗಾಡಿ ಅಲುಗುವ ಮೊದಲು

ಪ್ಯಾಡ್ ಬದಲಿಸಿದ ಮೇಲೆ ಪಿಸ್ಟನ್‌ಗಳು ಒಳಗೆ ಸರಿದಿರುತ್ತವೆ, ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಡಬ್ಬಿಯ ಮಟ್ಟ ನೋಡಿ ಮುಚ್ಚಳ ಹಾಕಿ. ಎಂಜಿನ್ ಓಡುವಾಗ ಪೆಡಲನ್ನು ಒಂದು ನಿಮಿಷ ಜೋರಾಗಿ ಒತ್ತಿ ಹಿಡಿದು, ಇಳಿದು ನಾಲ್ಕೂ ಚಕ್ರದ ಒಳಬದಿ, ಪ್ರತಿ ನಿಪ್ಪಲ್, ಪ್ರತಿ ಜಾಯಿಂಟ್ ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಮೊದಲ ಬ್ರೇಕ್ ನಡಿಗೆಯ ವೇಗದಲ್ಲಿ, ಮುಂದೆ ಗೋಡೆಯೂ ಇಳಿಜಾರೂ ಇಲ್ಲದ ಜಾಗದಲ್ಲಿ, ಕೈ ಹ್ಯಾಂಡ್ ಬ್ರೇಕಿನ ಮೇಲಿರಲಿ. ಹತ್ತು ಸಲ ಹೀಗೆ ನಿಂತ ಮೇಲೆ ರಸ್ತೆಗೆ ತೆಗೆಯಿರಿ, ಮರುದಿನ ಬೆಳಗ್ಗೆ ಹೊರಡುವ ಮೊದಲು ಡಬ್ಬಿಯ ಮಟ್ಟವನ್ನು ಮತ್ತೊಮ್ಮೆ ನೋಡಿ.